ಜವಾನನ ಗುಂಡಿಗೆ, ಸಾಹೇಬರ ಗುಂಡಿಗೆ

ವಾಷಿಂಗ್ಟನ್ನಿನ ವಾಲ್ಟರ್ ರೀಡ್ ಸೇನಾ ಸಂಶೋಧನಾ ಸಂಸ್ಥೆಯಲ್ಲಿ 1950ರ ದಶಕದ ಕೊನೆಯ ಭಾಗದಲ್ಲಿ ಕೋತಿಗಳನ್ನು ಜೋಡಿ ಜೋಡಿಯಾಗಿ ಕುರ್ಚಿಗಳಿಗೆ ಬಿಗಿದು ಕೂರಿಸಿದ್ದರು. ಇಪ್ಪತ್ತು ಸೆಕೆಂಡಿಗೊಮ್ಮೆ ಎರಡರ ಪಾದಕ್ಕೂ ವಿದ್ಯುತ್ ಆಘಾತ ತಗಲುವ ಏರ್ಪಾಡಿತ್ತು. ಒಂದು ಕೋತಿಯ ಮುಂದೆ ಸನ್ನೆಗೋಲೊಂದಿತ್ತು. ಅದನ್ನು ಹೊತ್ತಿಗೆ ಸರಿಯಾಗಿ ಒತ್ತಿದರೆ ಎರಡೂ ಕೋತಿಗಳು ಪಾರಾಗುತ್ತಿದ್ದವು. ಇನ್ನೊಂದರ ಮುಂದೆಯೂ ಸನ್ನೆಗೋಲಿತ್ತು, ಆದರೆ ಅದನ್ನು ಎಷ್ಟು ಒತ್ತಿದರೂ ಏನೂ ಆಗುತ್ತಿರಲಿಲ್ಲ. ಇಬ್ಬರ ಹೊಣೆಯನ್ನೂ ಹೊತ್ತ ಮೊದಲ ಕೋತಿಗೆ ಮನಶ್ಶಾಸ್ತ್ರಜ್ಞ ಜೋಸೆಫ್ ಬ್ರೇಡಿ ‘ಎಕ್ಸಿಕ್ಯೂಟಿವ್’ ಎಂದು ಹೆಸರಿಟ್ಟರು. ಆರು ಗಂಟೆ ಕೆಲಸ, ಆರು ಗಂಟೆ ಬಿಡುವು. ಮೊದಲ ಜೋಡಿಯ ಎಕ್ಸಿಕ್ಯೂಟಿವ್ ಕೋತಿ 23 ದಿನಕ್ಕೆ ಸತ್ತಿತು. ಹೊಟ್ಟೆ ಸೀಳಿ ನೋಡಿದರೆ ಒಳಗೆ ಹುಣ್ಣು. ಪಕ್ಕದ ಕುರ್ಚಿಯ ಕೋತಿ ಅಷ್ಟೇ ಆಘಾತ ಉಂಡಿದ್ದರೂ ಅದಕ್ಕೆ ಹುಣ್ಣಾಗಿರಲಿಲ್ಲ. ನಾಲ್ಕು ಜೋಡಿಗಳಲ್ಲೂ ಹೀಗೇ ಆಯಿತು.

1958ರಲ್ಲಿ ಈ ಸುದ್ದಿ ಪ್ರಕಟವಾದಾಗ ಯಾರೂ ಅಚ್ಚರಿಪಡಲಿಲ್ಲ. ದೊಡ್ಡ ಕುರ್ಚಿಗೆ ದೊಡ್ಡ ತಲೆನೋವು ಎಂಬುದನ್ನು ಎಲ್ಲರೂ ಮೊದಲೇ ನಂಬಿದ್ದರು. ಹೃದಯಾಘಾತವೆಂದರೆ ಸಾಹೇಬರ ಕಾಯಿಲೆ, ಫೋನು ಕೆಳಗಿಡಲು ಪುರುಸೊತ್ತಿಲ್ಲದವರ ಕಾಯಿಲೆ. ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೋದ ಇಬ್ಬರು ಹೃದ್ರೋಗ ತಜ್ಞರು, ಮೇಯರ್ ಫ್ರೀಡ್‌ಮನ್ ಮತ್ತು ರೇ ರೋಸೆನ್‌ಮನ್, ಸದಾ ಗಡಿಯಾರದ ಹಿಂದೆ ಓಡುವವರ ಹೃದಯ ಬೇಗ ಕೆಡುತ್ತದೆ ಎಂದು ಬರೆದರು. ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ಬ್ರೇಡಿಯವರ ಪ್ರಯೋಗದಲ್ಲಿ, ಕೋತಿಗಳನ್ನು ಆರಿಸಿದ ಬಗೆಯಲ್ಲೇ, ಒಂದು ತಪ್ಪು ನುಸುಳಿತ್ತು. ಅದು ಯಾರ ಕಣ್ಣಿಗೂ ಬೀಳದೆ ಹತ್ತು ವರ್ಷ ಹಾಗೇ ಉಳಿಯಿತು.

ಆ ಹೊತ್ತಿಗೆ ಅಟ್ಲಾಂಟಿಕ್ ಸಾಗರದ ಈಚೆ, ಲಂಡನ್ನಿನಲ್ಲಿ, ಬೇರೆಯದೇ ಕೆಲಸ ಶುರುವಾಗಿತ್ತು. ಲಂಡನ್ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್ ಸಂಸ್ಥೆಯ ಡೊನಾಲ್ಡ್ ರೀಡ್ ಮತ್ತು ಜೆಫ್ರಿ ರೋಸ್ 1967ರಲ್ಲಿ ಬ್ರಿಟಿಷ್ ಸರ್ಕಾರದ ಕಚೇರಿಗಳ ಬೀದಿ ವೈಟ್‌ಹಾಲ್‌ನ ಬಾಗಿಲು ತಟ್ಟಿದರು. ಹೃದ್ರೋಗ, ಮಧುಮೇಹ, ಶ್ವಾಸಕೋಶದ ಕಾಯಿಲೆ ಯಾರಿಗೆ ಬರುತ್ತವೆ, ಯಾಕೆ ಬರುತ್ತವೆ ಎಂದು ತಿಳಿಯಲು ಅವರಿಗೆ ಸಾವಿರಾರು ಜನ ಬೇಕಿತ್ತು. ಸರ್ಕಾರಿ ನೌಕರರಿಗಿಂತ ಅನುಕೂಲದವರು ಇನ್ನೆಲ್ಲಿ ಸಿಕ್ಕಾರು? ಒಂದೇ ಊರಲ್ಲಿದ್ದರು, ಕೆಲಸ ಖಾಯಂ, ಗಣಿಯ ದೂಳಿಲ್ಲ, ಕುಲುಮೆಯ ಕಾವಿಲ್ಲ. 40ರಿಂದ 64 ವಯಸ್ಸಿನ 17,530 ಗಂಡಸರು ಸರದಿಯಲ್ಲಿ ಬಂದು ನಿಂತರು. ರಕ್ತದೊತ್ತಡ ಅಳೆದರು, ಎತ್ತರ ತೂಕ ನೋಡಿದರು, ಎದೆಗೆ ತಂತಿ ಅಂಟಿಸಿ ಇಸಿಜಿ ತೆಗೆದರು. ರಾತ್ರಿಯಿಡೀ ಉಪವಾಸವಿದ್ದು ಬಂದವರಿಗೆ ಗ್ಲೂಕೋಸ್ ಕದಡಿದ ನೀರು ಕುಡಿಸಿ, ಎರಡು ಗಂಟೆ ಕಾಯಿಸಿ, ರಕ್ತ ತೆಗೆದರು. ಸಿಗರೇಟು ಎಷ್ಟು, ಎದೆನೋವು ಉಂಟೇ ಎಂದು ಕೇಳುವ ನಮೂನೆಯಲ್ಲಿ ನೌಕರಿಯ ದರ್ಜೆ ಯಾವುದು ಎಂಬ ಪ್ರಶ್ನೆಯೂ ಇತ್ತು. ಆಡಳಿತಾಧಿಕಾರಿ, ಅವರ ಕೆಳಗೆ ಎಕ್ಸಿಕ್ಯೂಟಿವ್ ಅಧಿಕಾರಿ, ಅವರ ಕೆಳಗೆ ಗುಮಾಸ್ತ, ಎಲ್ಲರಿಗಿಂತ ಕೆಳಗೆ ಜವಾನ ಮತ್ತಿತರರು. ಅಧ್ಯಯನ ಶುರುವಾದದ್ದು ಆ ಪ್ರಶ್ನೆಗಾಗಿ ಅಲ್ಲ.

ತಪಾಸಣೆ ಮುಗಿಯಿತು. ಇನ್ನು ಕಾಯಬೇಕಿತ್ತು. ಸೌತ್‌ಪೋರ್ಟ್ ಪಟ್ಟಣದಲ್ಲಿದ್ದ ರಾಷ್ಟ್ರೀಯ ಆರೋಗ್ಯ ಸೇವೆಯ ಕೇಂದ್ರ ನೋಂದಣಿ ಕಚೇರಿಯಲ್ಲಿ ಈ ಗಂಡಸರ ಹೆಸರುಗಳಿಗೆ ಗುರುತು ಹಾಕಿಸಿದ್ದರು. ಅವರಲ್ಲಿ ಯಾರೇ ತೀರಿಕೊಂಡರೂ ಮರಣ ಪ್ರಮಾಣಪತ್ರದ ಪ್ರತಿ ಸಂಶೋಧಕರ ಕೈಸೇರುತ್ತಿತ್ತು. ವರ್ಷದಿಂದ ವರ್ಷಕ್ಕೆ ಆ ಹಾಳೆಗಳು ಬಂದು ಕಡತ ಸೇರಿದವು.

ಅವುಗಳ ಅರ್ಥ ಬಿಡಿಸಬೇಕಾಗಿದ್ದ ಮನುಷ್ಯ ಆಗಿನ್ನೂ ಸಿಡ್ನಿಯಲ್ಲಿ ವೈದ್ಯಕೀಯ ಓದುತ್ತಿದ್ದ. ಮೈಕೆಲ್ ಮಾರ್ಮಟ್ 1945ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಎಳವೆಯಲ್ಲೇ ಆಸ್ಟ್ರೇಲಿಯಾ ಸೇರಿ, ಅಲ್ಲೇ ಬೆಳೆದಿದ್ದರು. ವಿದ್ಯಾರ್ಥಿಯಾಗಿ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಕುಳಿತಿದ್ದಾಗ ಕಂಡದ್ದನ್ನು ಅವರು ಮುಂದೆ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಬದುಕೇ ಸಾಕಾದಂತಿದ್ದ ಹೆಂಗಸೊಬ್ಬಳು ಬಂದಳು. ಗಂಡ ಮತ್ತೆ ಕುಡಿದು ಹೊಡೆಯುತ್ತಿದ್ದಾನೆ, ಮಗ ಜೈಲಿನಲ್ಲಿದ್ದಾನೆ, ಇನ್ನೂ ಎಳೆಯ ಮಗಳು ಬಸುರಿ. ಎಲ್ಲವನ್ನೂ ಕೇಳಿದ ವೈದ್ಯರು ನೀಲಿ ಗುಳಿಗೆ ನಿಲ್ಲಿಸಿ ಕೆಂಪು ಗುಳಿಗೆ ಬರೆದುಕೊಟ್ಟರು. ಆಕೆ ಚೀಟಿ ಹಿಡಿದು ಹೊರಟಳು. ತರುಣ ಮಾರ್ಮಟ್ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯಿತು: ಕಾಯಿಲೆ ಕೊಟ್ಟ ಬದುಕಿಗೇ ವಾಪಸು ಕಳಿಸುವುದಾದರೆ ಗುಳಿಗೆಯಿಂದೇನು ಪ್ರಯೋಜನ?

ಈ ಪ್ರಶ್ನೆಯನ್ನು ವಾರ್ಡುಗಳಲ್ಲಿ ಕೇಳುತ್ತಾ ಹೋದ ತರುಣನನ್ನು ಹಿರಿಯ ವೈದ್ಯರೊಬ್ಬರು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಕಡೆ ತಿರುಗಿಸಿದರು. ಅಲ್ಲಿ ಲೆನರ್ಡ್ ಸೈಮ್ ಎಂಬ ಗುರು ಸಿಕ್ಕರು. ಜಪಾನಿನಿಂದ ವಲಸೆ ಬಂದ ಕುಟುಂಬಗಳ ಗಂಡಸರನ್ನು ಆಗ ಅಲ್ಲಿ ಪರೀಕ್ಷಿಸುತ್ತಿದ್ದರು. ಜಪಾನಿನಲ್ಲಿದ್ದವರಿಗೆ ಹೃದ್ರೋಗ ಕಡಿಮೆ, ಹವಾಯಿಯಲ್ಲಿ ನೆಲೆಸಿದವರಿಗೆ ಹೆಚ್ಚು, ಕ್ಯಾಲಿಫೋರ್ನಿಯಾದವರಿಗೆ ಇನ್ನೂ ಹೆಚ್ಚು. ಮಾಂಸ, ಬೆಣ್ಣೆಯ ಕೆಲಸ ಎಂದು ಎಲ್ಲರೂ ಎಣಿಸಿದ್ದರು. ಮಾರ್ಮಟ್ ಮತ್ತು ಸೈಮ್ ಕೂತು ಲೆಕ್ಕ ಬಿಡಿಸಿದಾಗ ಬೇರೊಂದು ಸಂಗತಿ ಹೊರಬಿತ್ತು. ಕ್ಯಾಲಿಫೋರ್ನಿಯಾದಲ್ಲೇ ಇದ್ದರೂ ಜಪಾನೀ ನೆರೆಹೊರೆ, ನಂಟು, ರೀತಿ ರಿವಾಜುಗಳೊಳಗೆ ಬೆಳೆದವರ ಹೃದಯ ಜಪಾನಿನವರಷ್ಟೇ ಚೆನ್ನಾಗಿತ್ತು. ಸಿಗರೇಟು, ಕೊಲೆಸ್ಟರಾಲ್, ರಕ್ತದೊತ್ತಡ ಯಾವುದನ್ನು ಹಿಡಿದು ಎಳೆದರೂ ಈ ವ್ಯತ್ಯಾಸ ಪೂರ್ತಿ ಬಿಚ್ಚಿಕೊಳ್ಳಲಿಲ್ಲ.

1976ರಲ್ಲಿ ಮಾರ್ಮಟ್ ಲಂಡನ್ನಿಗೆ ಬಂದರು. ಸಾವಿನ ಹಾಳೆಗಳು ಏಳೂವರೆ ವರ್ಷದಿಂದ ಅಲ್ಲಿ ಕಾದಿದ್ದವು. ರೋಸ್ ಅವರ ತಂಡದೊಂದಿಗೆ ಹೃದಯಾಘಾತದಿಂದ ಸತ್ತವರನ್ನು ದರ್ಜೆವಾರು ವಿಂಗಡಿಸಿ, ವಯಸ್ಸಿನ ಹೆಚ್ಚುಕಡಿಮೆ ಸರಿದೂಗಿಸಿ, ಪಟ್ಟಿ ಮಾಡಿದರು. ಲೋಕದ ನಂಬಿಕೆ ನಿಜವಾಗಿದ್ದರೆ ಪಟ್ಟಿಯ ಮೇಲ್ತುದಿಯಲ್ಲಿ ಸಾವು ಹೆಚ್ಚಿರಬೇಕಿತ್ತು. ಅಂಕಿಗಳು ತಲೆಕೆಳಗಾಗಿದ್ದವು. ಅತ್ಯಂತ ಕೆಳಗಿನ ದರ್ಜೆಯವರು ಹೃದಯಾಘಾತದಿಂದ ಸಾಯುವ ಪ್ರಮಾಣ ಅತಿ ಮೇಲಿನವರಿಗಿಂತ 3.6 ಪಟ್ಟು ಹೆಚ್ಚಿತ್ತು. ಮಂತ್ರಿಗೆ ಸಲಹೆ ಕೊಟ್ಟು ಸಂಜೆಯವರೆಗೆ ಸಭೆಗಳಲ್ಲಿ ತಲೆಕೆಡಿಸಿಕೊಳ್ಳುವ ಸಾಹೇಬರ ಗುಂಡಿಗೆ ಗಟ್ಟಿಯಾಗಿತ್ತು. ಅವರ ಟಪಾಲು ಹೊತ್ತು ಓಡಾಡುವ ಜವಾನನ ಗುಂಡಿಗೆ ನಿಲ್ಲುತ್ತಿತ್ತು.

ಅದಕ್ಕಿಂತ ದೊಡ್ಡ ಅಚ್ಚರಿ ಪಟ್ಟಿಯ ನಡುವಿನಲ್ಲಿತ್ತು. ಬಡತನ ಮನುಷ್ಯನನ್ನು ಕೊಲ್ಲುತ್ತದೆಂಬುದು ಹಳೆಯ ಮಾತು. ಆದರೆ ವೈಟ್‌ಹಾಲ್‌ನಲ್ಲಿ ಹಸಿದವರಿರಲಿಲ್ಲ, ನಿರುದ್ಯೋಗಿಗಳಿರಲಿಲ್ಲ. ವೈದ್ಯಕೀಯ ಸೇವೆ 1948ರಿಂದ ದೇಶದವರೆಲ್ಲರಿಗೂ ಉಚಿತವಾಗಿತ್ತು. ಎರಡನೆಯ ದರ್ಜೆಯ ಅಧಿಕಾರಿಗೆ ಒಳ್ಳೆಯ ಸಂಬಳ, ಮಾನ, ನಿವೃತ್ತಿ ವೇತನ ಎಲ್ಲವೂ ಇದ್ದವು. ಆದರೂ ಮೊದಲ ದರ್ಜೆಯವರಿಗಿಂತ ಅವರು ಹೆಚ್ಚು ಸತ್ತಿದ್ದರು, ಗುಮಾಸ್ತರು ಅವರಿಗಿಂತ ಹೆಚ್ಚು, ಜವಾನರು ಗುಮಾಸ್ತರಿಗಿಂತ ಹೆಚ್ಚು. ಒಂದು ಮೆಟ್ಟಿಲು ಕೆಳಗಿಳಿದರೆ ಆಯುಸ್ಸೂ ಒಂದು ಮೆಟ್ಟಿಲು ಇಳಿಯುತ್ತಿತ್ತು.

ತಂಡ ಆರೋಪಿಗಳನ್ನು ಒಬ್ಬೊಬ್ಬರನ್ನಾಗಿ ಕರೆದು ವಿಚಾರಿಸಿತು. ಮೊದಲ ಅನುಮಾನ ಸಿಗರೇಟಿನ ಮೇಲೆ. ಕೆಳಗಿನ ದರ್ಜೆಗಳಲ್ಲಿ ಸೇದುವವರು ನಿಜಕ್ಕೂ ಹೆಚ್ಚಿದ್ದರು. ಸೇದದವರನ್ನು ಮಾತ್ರ ಬೇರೆ ತೆಗೆದು ನೋಡಿದರೂ ಮೆಟ್ಟಿಲುಗಳು ಹಾಗೇ ನಿಂತಿದ್ದವು. ರಕ್ತದೊತ್ತಡ ಕೆಳಗಿನವರಲ್ಲಿ ತುಸು ಹೆಚ್ಚಿತ್ತು, ಅದು ಅಂತರದ ಸ್ವಲ್ಪ ಪಾಲನ್ನಷ್ಟೇ ವಿವರಿಸಿತು. ಕೊಲೆಸ್ಟರಾಲ್ ವಿಚಾರಿಸಿದಾಗ ತನಿಖೆಯೇ ತಬ್ಬಿಬ್ಬಾಯಿತು, ಅದು ಮೇಲಿನ ದರ್ಜೆಯವರಲ್ಲೇ ಹೆಚ್ಚಿತ್ತು. ತೂಕ, ಎತ್ತರ, ಸಕ್ಕರೆ, ವ್ಯಾಯಾಮ ಎಲ್ಲವನ್ನೂ ಕೂಡಿಸಿದ ಮೇಲೂ ಅಂತರದ ಅರ್ಧಕ್ಕಿಂತ ಹೆಚ್ಚು ಪಾಲಿಗೆ ಉತ್ತರ ಸಿಗಲಿಲ್ಲ. 1978ರಲ್ಲಿ ಮಾರ್ಮಟ್, ರೋಸ್ ಮತ್ತು ಸಂಗಡಿಗರು ಆ ಉತ್ತರವಿಲ್ಲದ ಪಾಲನ್ನೂ ಮುಚ್ಚಿಡದೆ ಫಲಿತಾಂಶ ಪ್ರಕಟಿಸಿದರು. ಅಧ್ಯಯನಕ್ಕೆ ಅಡಿಗಲ್ಲಿಟ್ಟ ಡೊನಾಲ್ಡ್ ರೀಡ್ ಅದನ್ನು ನೋಡಲು ಉಳಿದಿರಲಿಲ್ಲ. ಹಿಂದಿನ ವರ್ಷವೇ ಅವರು ತೀರಿಕೊಂಡಿದ್ದರು.

ಇದೇ ಕಾಲಕ್ಕೆ ರಿಚರ್ಡ್ ವಿಲ್ಕಿನ್ಸನ್ ಎಂಬ ಯುವಕ ಮರಣದ ಸರ್ಕಾರಿ ಅಂಕಿಅಂಶಗಳನ್ನೇ ಕೆದಕುತ್ತಾ ಕುಳಿತಿದ್ದ. ದೇಶದ ಬಡವರಿಗೂ ಉಳ್ಳವರಿಗೂ ಆಯುಸ್ಸಿನಲ್ಲಿ ಇರುವ ಅಂತರ ಕಂಡು ತಡೆಯಲಾರದೆ, 1976ರ ಡಿಸೆಂಬರಿನಲ್ಲಿ ‘ನ್ಯೂ ಸೊಸೈಟಿ’ ಪತ್ರಿಕೆಯಲ್ಲಿ ಆರೋಗ್ಯ ಮಂತ್ರಿ ಡೇವಿಡ್ ಎನಲ್ಸ್ ಅವರಿಗೆ ಬಹಿರಂಗ ಪತ್ರ ಬರೆದ. ಅಪರೂಪಕ್ಕೆ ಮಂತ್ರಿಗಳು ಓಗೊಟ್ಟರು. 1977ರಲ್ಲಿ ಸರ್ ಡಗ್ಲಾಸ್ ಬ್ಲ್ಯಾಕ್ ಅಧ್ಯಕ್ಷತೆಯಲ್ಲಿ ನಾಲ್ವರ ಸಮಿತಿ ಕೂತಿತು. ಲಂಡನ್ನಿನ ಬಸ್ ಚಾಲಕರಿಗಿಂತ ಮಹಡಿ ಹತ್ತಿಳಿಯುವ ಕಂಡಕ್ಟರುಗಳ ಹೃದಯ ಗಟ್ಟಿ ಎಂದು ಹಿಂದೆಯೇ ತೋರಿಸಿದ್ದ ಜೆರಿ ಮಾರಿಸ್ ಅದರಲ್ಲಿದ್ದರು, ಬಡತನದ ಅಧ್ಯಯನಕ್ಕೆ ಹೆಸರಾದ ಪೀಟರ್ ಟೌನ್‌ಸೆಂಡ್ ಇದ್ದರು.

ಸಮಿತಿ ಮೂರು ವರ್ಷ ದುಡಿಯಿತು. ಕೌಶಲವಿಲ್ಲದ ಕೂಲಿಯ ವರ್ಗದವರು ನಿವೃತ್ತಿಯ ವಯಸ್ಸು ಕಾಣುವ ಮೊದಲೇ ಸಾಯುವ ಸಾಧ್ಯತೆ ವೃತ್ತಿಪರ ವರ್ಗದವರಿಗಿಂತ ಎರಡೂವರೆ ಪಟ್ಟು ಎಂದು ಅದು ತೋರಿಸಿತು. ವರದಿ ಸಿದ್ಧವಾಗುವ ಹೊತ್ತಿಗೆ ಸರ್ಕಾರ ಬದಲಾಗಿ ಮಾರ್ಗರೆಟ್ ಥ್ಯಾಚರ್ ಪ್ರಧಾನಿಯಾಗಿದ್ದರು. 1980ರ ಆಗಸ್ಟಿನಲ್ಲಿ, ಬ್ಯಾಂಕ್ ರಜೆಯ ಹೊತ್ತು ನೋಡಿ, ಬೆರಳಚ್ಚು ಮಾಡಿದ ವರದಿಯ ಕೇವಲ 260 ಪ್ರತಿಗಳನ್ನು ಸರ್ಕಾರ ಹೊರಬಿಟ್ಟಿತು. ಶಿಫಾರಸುಗಳಿಗೆ ಹಣವಿಲ್ಲ ಎಂಬ ಮಾತನ್ನು ಮಂತ್ರಿ ಪ್ಯಾಟ್ರಿಕ್ ಜೆಂಕಿನ್ ಮುನ್ನುಡಿಯಲ್ಲೇ ಬರೆದಿದ್ದರು. ಮುಚ್ಚಿಡಲು ಹೋದದ್ದೇ ಸುದ್ದಿಯಾಯಿತು. ಎರಡು ವರ್ಷಕ್ಕೆ ಪೆಂಗ್ವಿನ್ ಅದನ್ನು ಪುಸ್ತಕವಾಗಿ ತಂದಾಗ ಓದುಗರು ಕೊಂಡು ಓದಿದರು. ಅಂತರವಿದೆಯೆಂಬುದನ್ನು ಇನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. ಆದರೆ ಹೊಟ್ಟೆ ತುಂಬಿದ ಗುಮಾಸ್ತ ಯಾಕೆ ಬೇಗ ಸಾಯುತ್ತಾನೆ ಎಂಬ ಮಾರ್ಮಟ್ ಪ್ರಶ್ನೆ ಇದ್ದಲ್ಲೇ ಇತ್ತು.

ಸುಳಿವು ಸಿಕ್ಕಿದ್ದು ಇಲಿಗಳಿಂದ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೇ ವೈಸ್ 1960ರ ದಶಕದ ಕೊನೆಯಲ್ಲಿ ಬ್ರೇಡಿಯವರ ಕೋತಿ ಪ್ರಯೋಗವನ್ನು ಇಲಿಗಳ ಮೇಲೆ ನಡೆಸಿದ್ದರು. ಫಲಿತಾಂಶ ಪೂರ್ತಿ ಉಲ್ಟಾ. ಆಘಾತ ತಪ್ಪಿಸುವ ಅಧಿಕಾರವಿದ್ದ ಇಲಿಗೆ ಹುಣ್ಣು ಕಡಿಮೆ. ಅಷ್ಟೇ ಆಘಾತ ಉಂಡೂ ಕೈಯಲ್ಲಿ ಏನೂ ಇಲ್ಲದ ಇಲಿಗೆ ಹೆಚ್ಚು. ಹಾಗಾದರೆ ಕೋತಿಗಳಿಗೆ ಆದದ್ದೇನು? ವೈಸ್ ಹಳೆಯ ದಾಖಲೆಗೆ ಮರಳಿದಾಗ ತಪ್ಪು ಕಣ್ಣಿಗೆ ಬಿತ್ತು. ಬ್ರೇಡಿ ಯಾವ ಕೋತಿ ಎಕ್ಸಿಕ್ಯೂಟಿವ್ ಆಗಬೇಕೆಂದು ಚೀಟಿ ಎತ್ತಿರಲಿಲ್ಲ. ಮೊದಲೊಮ್ಮೆ ಪರೀಕ್ಷಿಸಿ, ಸನ್ನೆಗೋಲನ್ನು ಅತಿ ಹೆಚ್ಚು ಸಲ ಒತ್ತಿದ ಚಡಪಡಿಕೆಯ ಕೋತಿಗಳನ್ನೇ ಆ ಕುರ್ಚಿಗೆ ಕೂರಿಸಿದ್ದರು. ಬೇಗ ಹುಣ್ಣಾಗುವ ಸ್ವಭಾವದ ಪ್ರಾಣಿಗಳೇ ಆ ಕಡೆ ಸೇರಿಕೊಂಡಿದ್ದವು. ಸಾಹೇಬರ ಕಾಯಿಲೆಯೆಂಬ ಕತೆಗೆ ವಿಜ್ಞಾನ ಕೊಟ್ಟಿದ್ದ ದೊಡ್ಡ ಸಾಕ್ಷಿ ಅಲ್ಲಿಗೆ ಮುರಿದುಬಿತ್ತು.

1979ರಲ್ಲಿ ಅಮೆರಿಕದ ರಾಬರ್ಟ್ ಕರಾಸೆಕ್ ಅದೇ ಎಳೆಯನ್ನು ಮನುಷ್ಯರತ್ತ ತಂದರು. ಕೆಲಸದ ಒತ್ತಡ ಒಂದೇ ಮನುಷ್ಯನನ್ನು ಕುಗ್ಗಿಸುವುದಿಲ್ಲ. ಒತ್ತಡ ಹೆಚ್ಚಿದ್ದು, ಆ ಕೆಲಸವನ್ನು ಹೇಗೆ, ಯಾವಾಗ ಮಾಡಬೇಕೆಂಬ ತೀರ್ಮಾನ ತನ್ನ ಕೈಯಲ್ಲಿಲ್ಲದಾಗ ಅವನು ಸೊರಗುತ್ತಾನೆ ಎಂಬುದು ಅವರ ವಾದ. ಮಾರ್ಮಟ್ ಇದನ್ನು ಓದಿದರು. ಆದರೆ ಮೊದಲ ವೈಟ್‌ಹಾಲ್ ಅಧ್ಯಯನದ ನಮೂನೆಯಲ್ಲಿ ಇಂಥ ಪ್ರಶ್ನೆಯೇ ಇರಲಿಲ್ಲ, ಸತ್ತವರನ್ನು ಕೇಳುವಂತೆಯೂ ಇರಲಿಲ್ಲ. ಎಲ್ಲವನ್ನೂ ಮೊದಲಿನಿಂದ ಶುರುಮಾಡುವುದೊಂದೇ ದಾರಿ.

1985ರಲ್ಲಿ ಎರಡನೆಯ ವೈಟ್‌ಹಾಲ್ ಅಧ್ಯಯನ ಹೊರಟಿತು. ಲಂಡನ್ನಿನ 20 ಇಲಾಖೆಗಳಿಂದ 35ರಿಂದ 55 ವಯಸ್ಸಿನ 10,308 ಮಂದಿ ಒಪ್ಪಿಕೊಂಡರು. ಈ ಸಲ ಮೂರರಲ್ಲೊಂದು ಪಾಲು ಹೆಂಗಸರು. ರಕ್ತ, ಇಸಿಜಿ ಜೊತೆಗೆ ಹೊಸ ಪ್ರಶ್ನೆಗಳು ಬಂದವು. ಕೆಲಸವನ್ನು ಹೇಗೆ ಮಾಡಬೇಕೆಂದು ತೀರ್ಮಾನಿಸುವವರು ಯಾರು? ವೇಗ ನಿಮ್ಮದೋ, ಮೇಲಿನವರದೋ? ಕಷ್ಟವೆಂದಾಗ ಜೊತೆಗೆ ನಿಲ್ಲುವವರಿದ್ದಾರೆಯೇ?

1991ರಲ್ಲಿ ಮೊದಲ ಫಲಿತಾಂಶಗಳು ‘ಲ್ಯಾನ್ಸೆಟ್’ನಲ್ಲಿ ಬಂದಾಗ ಮನಸ್ಸು ಭಾರವಾಗುವಂತಿತ್ತು. ಇಪ್ಪತ್ತು ವರ್ಷದಲ್ಲಿ ಔಷಧ ಸುಧಾರಿಸಿತ್ತು, ದೇಶದ ಸಂಪತ್ತು ಬೆಳೆದಿತ್ತು, ಕಾಯಿಲೆಯ ಮೆಟ್ಟಿಲುಗಳು ಮಾತ್ರ ಒಂದಿಂಚೂ ಕದಲಿರಲಿಲ್ಲ. ಹೆಂಗಸರಲ್ಲೂ ಅವೇ ಮೆಟ್ಟಿಲುಗಳು. ಹೊಸ ಪ್ರಶ್ನೆಗಳ ಉತ್ತರ ಕೈಗೆ ಬಂದಾಗ, ಕೆಲಸದ ಮೇಲೆ ಹಿಡಿತವಿಲ್ಲ ಎಂದವರಲ್ಲೇ ಹೃದ್ರೋಗ ಹೆಚ್ಚು ಎಂದು ಕಂಡಿತು. ಆದರೂ ಸಂಶೋಧಕರು ಬೀಗಲಿಲ್ಲ. ಸ್ವಭಾವತಃ ಗೊಣಗುವವರು ಎಲ್ಲಕ್ಕೂ ಗೊಣಗುತ್ತಾರೆ, ಎದೆನೋವನ್ನೂ ಹೆಚ್ಚಾಗಿ ಹೇಳುತ್ತಾರೆ, ಅಷ್ಟರಿಂದಲೇ ಈ ನಂಟು ಹುಟ್ಟಿರಬಹುದಲ್ಲ? ಅದಕ್ಕಾಗಿ ಸಿಬ್ಬಂದಿ ವಿಭಾಗದ ಅಧಿಕಾರಿಗಳಿಂದ ಪ್ರತಿಯೊಂದು ಹುದ್ದೆಯನ್ನೂ ಬೇರೆಯಾಗಿ ಅಳೆಯಿಸಿದರು, ಅದರಲ್ಲಿ ಕೂತವರ ಗೊಣಗಾಟಕ್ಕೆ ಕಿವಿಗೊಡದೆ. 1997ರಲ್ಲಿ ಎರಡೂ ಲೆಕ್ಕ ಅಕ್ಕಪಕ್ಕ ಬಂದವು. ಒಳಗಿನವರು ಹೇಳಿದ್ದಕ್ಕೂ ಹೊರಗಿನವರು ಅಳೆದದ್ದಕ್ಕೂ ಒಂದೇ ಉತ್ತರ. ಹಲವು ವರ್ಷಗಳ ಅಂತರದಲ್ಲಿ ಎರಡು ಸಲ ಕೇಳಿದಾಗಲೂ ಹಿಡಿತವಿಲ್ಲ ಎಂದವರಿಗೆ ಹೃದ್ರೋಗದ ಅಪಾಯ ಸುಮಾರು ದುಪ್ಪಟ್ಟಿತ್ತು. ಮೇಲಿನ ಮತ್ತು ಕೆಳಗಿನ ದರ್ಜೆಗಳ ನಡುವಿನ ಅಂತರದಲ್ಲಿ ಅತಿ ದೊಡ್ಡ ಪಾಲು ಇದರದೇ ಎಂದು ತಂಡ ಬರೆಯಿತು.

ನಡುವೆ ಯಾರೂ ಬಯಸದ ಪ್ರಯೋಗವೊಂದು ತಾನಾಗಿ ನಡೆದುಹೋಯಿತು. ಅಧ್ಯಯನದಲ್ಲಿದ್ದ ಇಲಾಖೆಗಳಲ್ಲೊಂದಾದ ಪ್ರಾಪರ್ಟಿ ಸರ್ವೀಸಸ್ ಏಜೆನ್ಸಿಯನ್ನು ಸರ್ಕಾರ ಖಾಸಗಿಯವರಿಗೆ ಮಾರಲು ಹೊರಟಿತು. ಕೆಲಸ ಉಳಿದೀತೋ ಹೋದೀತೋ ಎಂದು ನೌಕರರು ತಿಂಗಳುಗಟ್ಟಲೆ ಕಾದರು. ಅವರ ಆರೋಗ್ಯದ ದಾಖಲೆ ಅದಾಗಲೇ ಸಂಶೋಧಕರ ಬಳಿ ಇತ್ತು. ಬೇರೆ ಇಲಾಖೆಯವರೊಂದಿಗೆ ಹೋಲಿಸಿದಾಗ, ಒಬ್ಬರ ಕೆಲಸವೂ ಹೋಗುವ ಮೊದಲೇ, ಕಾಯುವ ಹಂತದಲ್ಲೇ ಅವರ ಆರೋಗ್ಯ ಇಳಿದಿತ್ತು. ಸಂಬಳ ಆಗಲೂ ಮೊದಲಿನಂತೆಯೇ ಬರುತ್ತಿತ್ತು.

ಇನ್ನು ಉಳಿದದ್ದು ಕಚೇರಿಯ ಅಧಿಕಾರ ರಕ್ತನಾಳದೊಳಗೆ ಇಳಿಯುವ ದಾರಿ. ಕೆಲಸದ ಹೊತ್ತಿನಲ್ಲಿ ಸಾಹೇಬರ ರಕ್ತದೊತ್ತಡವೂ ಏರುತ್ತಿತ್ತು, ಗುಮಾಸ್ತನದೂ ಏರುತ್ತಿತ್ತು. ಮನೆಗೆ ಹೋದಮೇಲೆ ಸಾಹೇಬರದು ಚೆನ್ನಾಗಿ ಇಳಿಯುತ್ತಿತ್ತು, ಗುಮಾಸ್ತನದು ಅಷ್ಟು ಇಳಿಯುತ್ತಿರಲಿಲ್ಲ. ಬೆಳಗ್ಗೆ ಎದ್ದೊಡನೆ ಏರುವ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಕೆಳಗಿನ ದರ್ಜೆಯವರಲ್ಲಿ ಹೆಚ್ಚು ಏರುತ್ತಿತ್ತು. ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೊಜೆನ್ ಕೂಡ ಅವರಲ್ಲೇ ಹೆಚ್ಚಿತ್ತು.

ಅಷ್ಟು ಹೊತ್ತಿಗೆ ಪ್ರಶ್ನೆ ವೈಟ್‌ಹಾಲ್ ದಾಟಿತ್ತು. ಹಿಂದೆ ಮಂತ್ರಿಗೆ ಪತ್ರ ಬರೆದಿದ್ದ ವಿಲ್ಕಿನ್ಸನ್, ಸಿರಿವಂತ ದೇಶಗಳ ನಡುವೆ ಆಯುಸ್ಸಿನ ವ್ಯತ್ಯಾಸಕ್ಕೆ ಸರಾಸರಿ ಆದಾಯಕ್ಕಿಂತ ಆ ಆದಾಯ ಹಂಚಿಕೆಯಾದ ಬಗೆಯೇ ಹೆಚ್ಚು ಕಾರಣ ಎಂದು 1992ರಲ್ಲಿ ವಾದಿಸಿದರು. ಆ ಚರ್ಚೆ ಬಿಸಿಯಾಗಿ ಮುಂದುವರಿಯಿತು. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾರ್ಮಟ್ ಅಧ್ಯಕ್ಷತೆಯಲ್ಲಿ ಆಯೋಗವೊಂದನ್ನು ನೇಮಿಸಿತು. ಭಾರತದಿಂದ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್, ಅಸಂಘಟಿತ ಹೆಣ್ಣುಮಕ್ಕಳ ಸಂಘಟನೆ ‘ಸೇವಾ’ದ ಮಿರಾಯ್ ಚಟರ್ಜಿ ಅದರ ಸದಸ್ಯರಾದರು. 2008ರ ವರದಿಯಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ಪ್ರದೇಶದ ಒಂದು ಲೆಕ್ಕವಿತ್ತು. ಅಲ್ಲಿನ ಕಾಲ್ಟನ್ ಬಡಾವಣೆಯ ಗಂಡುಮಗುವಿನ ನಿರೀಕ್ಷಿತ ಆಯುಸ್ಸು 54 ವರ್ಷ, ಕೆಲವೇ ಮೈಲಿ ಆಚೆಯ ಲೆನ್ಜಿಯ ಮಗುವಿನದು 82. ಆಗ ಭಾರತದ ಗಂಡಸರ ಸರಾಸರಿಯೂ ಕಾಲ್ಟನ್ನಿಗಿಂತ ಹೆಚ್ಚಿತ್ತು.

ನಾಲ್ಕು ದಶಕದ ಹುಡುಕಾಟ ಕೊನೆಗೆ ಕೊಟ್ಟ ಉತ್ತರ ಸರಳ. ಅಪಾಯ ಎದುರಾದಾಗ ಎದೆಬಡಿತ ಏರಿಸಿ, ಸಕ್ಕರೆ ಸುರಿಸಿ, ರಕ್ತ ಗಟ್ಟಿಮಾಡಿ ಮನುಷ್ಯನನ್ನು ಕಾಪಾಡುವ ವ್ಯವಸ್ಥೆ ಎಲ್ಲರ ದೇಹದಲ್ಲೂ ಒಂದೇ. ತನ್ನ ದಿನ ತನ್ನ ಕೈಯಲ್ಲಿರುವವನಿಗೆ ಅದು ಏರಿ ಇಳಿಯುತ್ತದೆ. ಯಾರದೋ ಮಾತಿಗೆ, ಯಾರದೋ ವೇಗಕ್ಕೆ, ನಾಳೆ ಏನೋ ಎಂಬ ಭಯಕ್ಕೆ ಕಟ್ಟುಬಿದ್ದವನಿಗೆ ಅದು ಪೂರ್ತಿ ಇಳಿಯುವುದೇ ಇಲ್ಲ. ವರ್ಷಗಳ ಮೇಲೆ ವರ್ಷ ರಕ್ತನಾಳವನ್ನು ಸವೆಸುತ್ತದೆ. ಅಸಮಾನತೆ ಹಣವನ್ನು ಹಂಚಿದಂತೆ ಈ ಹಿಡಿತವನ್ನೂ ಮೇಲಿನಿಂದ ಕೆಳಕ್ಕೆ ಕಡಿಮೆ ಮಾಡುತ್ತಾ ಹಂಚುತ್ತದೆ. ಆದ್ದರಿಂದಲೇ ಅದರ ಪೆಟ್ಟು ತಳದ ಬಡವನಿಗೆ ಮಾತ್ರ ಮೀಸಲಾಗದೆ ನಡುವಿನವರಿಗೂ ಅವರವರ ಮೆಟ್ಟಿಲಿನ ಲೆಕ್ಕಕ್ಕೆ ಬೀಳುತ್ತದೆ. ಮನುಷ್ಯರು ಕಟ್ಟಿದ ಈ ಮೆಟ್ಟಿಲುಗಳ ಎತ್ತರವನ್ನು ಮನುಷ್ಯರೇ ತಗ್ಗಿಸಬಲ್ಲರು. ಸಂಬಳದ ಅಂತರ, ಕೆಲಸದ ಭದ್ರತೆ, ಕೆಳಗಿನವನ ಮಾತಿಗೂ ಕಚೇರಿಯಲ್ಲಿ ಸಿಗುವ ಬೆಲೆ, ಇವೆಲ್ಲ ಹೃದಯದ ಚಿಕಿತ್ಸೆಗೆ ಸೇರಿದ ವಿಷಯಗಳೆಂದು ಸಾವಿರಾರು ನೌಕರರ ಬದುಕು ಮತ್ತು ಸಾವು ಸಾಬೀತು ಮಾಡಿದವು.